ಸತ್ಯಂ ಹಗರಣ: 96 ದಿನಗಳ ಅನಿಶ್ಚಿತತೆ ಮತ್ತು ನೌಕರರ ಆತಂಕ

ಭಾರತದ ಮಾಹಿತಿ ತಂತ್ರಜ್ಞಾನ ಉದ್ಯಮದ ಇತಿಹಾಸದಲ್ಲಿ 2009ರ ಜನವರಿ 7, ಬುಧವಾರ, ಮರೆಯಲಾಗದ ದಿನ. ಹೈದರಾಬಾದ್ ಮೂಲದ ಸತ್ಯಂ ಕಂಪ್ಯೂಟರ್ ಸರ್ವೀಸಸ್ ಸಂಸ್ಥೆಯ ಸ್ಥಾಪಕ ಅಧ್ಯಕ್ಷ ಬಿ. ರಾಮಲಿಂಗರಾಜು ಅಂದು ಬೆಳಿಗ್ಗೆ ತಮ್ಮ ಆಡಳಿತ ಮಂಡಳಿಗೆ ರಾಜೀನಾಮೆ ಪತ್ರ ಸಲ್ಲಿಸಿದರು. ಹಲವು ವರ್ಷಗಳಿಂದ ಲೆಕ್ಕಪತ್ರಗಳಲ್ಲಿ ಇಲ್ಲದ ಹಣವನ್ನು ಇದೆಯೆಂದು ತೋರಿಸಿಕೊಂಡು ಬಂದುದಾಗಿ ಆ ಪತ್ರದಲ್ಲಿ ಅವರೇ ಒಪ್ಪಿಕೊಂಡಿದ್ದರು. ಷೇರುದಾರರ ನಷ್ಟ, ಲೆಕ್ಕ ಪರಿಶೋಧಕರ ವೈಫಲ್ಯ, ಸೆಬಿ ಮತ್ತು ಸಿಬಿಐ ತನಿಖೆ ಇವುಗಳ ಬಗ್ಗೆ ಸಾಕಷ್ಟು ಬರೆಯಲಾಗಿದೆ. ಆದರೆ ಆ ಪತ್ರದಲ್ಲಿಯೇ ಉಲ್ಲೇಖಗೊಂಡಿದ್ದ 53 ಸಾವಿರ ನೌಕರರ ಪಾಡು ಏನಾಯಿತು ಎಂಬ ಪ್ರಶ್ನೆಗೆ ದೊರೆತ ಗಮನ ಕಡಿಮೆ.

ಅವರಲ್ಲಿ ಬಹುತೇಕರು ಈ ಸುದ್ದಿಯನ್ನು ತಿಳಿದದ್ದು ಕಚೇರಿಯ ಸುತ್ತೋಲೆಯಿಂದಲ್ಲ, ಟಿವಿ ವಾಹಿನಿಗಳಿಂದ. ತಾವು ದುಡಿಯುತ್ತಿದ್ದ ಸಂಸ್ಥೆಯ ಸ್ಥಿತಿ ಹೊರಗಿನವರಿಗೆ ತಿಳಿದ ಹೊತ್ತಿಗೇ ಒಳಗಿನವರಿಗೂ ತಿಳಿಯಿತು. ಮುಂದಿನ ಹಲವು ವಾರಗಳ ಆತಂಕದ ಬೀಜ ಅಲ್ಲಿಯೇ ಇತ್ತು.

ಪತ್ರದಲ್ಲಿದ್ದ ಅಂಕಿಅಂಶ

1987ರಲ್ಲಿ ಆರಂಭವಾದ ಸತ್ಯಂ, ಎರಡು ದಶಕಗಳಲ್ಲಿ ಟಿಸಿಎಸ್, ಇನ್ಫೋಸಿಸ್, ವಿಪ್ರೋಗಳ ನಂತರದ ಸ್ಥಾನಕ್ಕೆ ಏರಿತ್ತು. 2001ರಲ್ಲಿ ನ್ಯೂಯಾರ್ಕ್ ಷೇರುಪೇಟೆಗೂ ಕಾಲಿಟ್ಟಿತ್ತು. 66 ದೇಶಗಳಲ್ಲಿ ವ್ಯವಹಾರ, ಫಾರ್ಚೂನ್ 500 ಪಟ್ಟಿಯ 185 ಕಂಪನಿಗಳು ಗ್ರಾಹಕರು ಎಂದು ರಾಜು ತಮ್ಮ ಪತ್ರದಲ್ಲಿ ಹೇಳಿಕೊಂಡಿದ್ದರು. ಇಲ್ಲಿ ನೌಕರರನ್ನು ನೌಕರರೆಂದು ಕರೆಯುವ ರೂಢಿ ಇರಲಿಲ್ಲ, ಎಲ್ಲರೂ 'ಅಸೋಸಿಯೇಟ್'ಗಳು. 2008ರ ಸೆಪ್ಟೆಂಬರಿನಲ್ಲಿ, ಅಂದರೆ ಬಣ್ಣ ಬಯಲಾಗುವ ಕೆಲವೇ ತಿಂಗಳ ಮೊದಲು, ಉತ್ತಮ ಕಾರ್ಪೊರೇಟ್ ಆಡಳಿತಕ್ಕಾಗಿ 'ಗೋಲ್ಡನ್ ಪೀಕಾಕ್' ಪ್ರಶಸ್ತಿಯೂ ಸಂಸ್ಥೆಗೆ ಸಂದಿತ್ತು! ಬಳಿಕ ಅದನ್ನು ಹಿಂಪಡೆಯಲಾಯಿತು.

ಪತ್ರದ ಪ್ರಕಾರ 5,361 ಕೋಟಿ ರೂ. ನಗದು ಮತ್ತು ಬ್ಯಾಂಕ್ ಶಿಲ್ಕಿನ ಪೈಕಿ 5,040 ಕೋಟಿ ರೂ. ಕೇವಲ ಕಾಗದದ ಮೇಲಿತ್ತು. 2008ರ ಸೆಪ್ಟೆಂಬರ್‌ಗೆ ಕೊನೆಗೊಂಡ ತ್ರೈಮಾಸಿಕದಲ್ಲಿ 2,700 ಕೋಟಿ ರೂ. ವರಮಾನ, 649 ಕೋಟಿ ರೂ. ಕಾರ್ಯಾಚರಣೆ ಲಾಭ ಎಂದು ಪ್ರಕಟಿಸಲಾಗಿತ್ತು. ನಿಜವಾದ ವರಮಾನ 2,112 ಕೋಟಿ, ಲಾಭ 61 ಕೋಟಿ ಮಾತ್ರ. ಶೇ 24ರಷ್ಟು ಲಾಭಾಂಶವಿದೆಯೆಂದು ನಂಬಲಾಗಿದ್ದ ಸಂಸ್ಥೆಗೆ ಇದ್ದದ್ದು ಶೇ 3.

ಷೇರುದಾರರ ಕಣ್ಣು 5,040 ಕೋಟಿಯ ಮೇಲೆ ನೆಟ್ಟಿತು. ನೌಕರರ ಪಾಲಿಗೆ ಹೆಚ್ಚು ಭಯ ಹುಟ್ಟಿಸಬೇಕಾದದ್ದು ಶೇ 3 ಎಂಬ ಅಂಕಿ. ಸಾಫ್ಟ್‌ವೇರ್ ಸೇವಾ ಕಂಪನಿಯ ಅತಿ ದೊಡ್ಡ ವೆಚ್ಚ ಸಂಬಳ. ಲಾಭದ ಅಂಚು ಇಷ್ಟು ತೆಳುವಾಗಿದ್ದರೆ ಕೆಲವೇ ದೊಡ್ಡ ಗ್ರಾಹಕರು ಕೈಬಿಟ್ಟರೂ ತಿಂಗಳ ಸಂಬಳಕ್ಕೆ ಸಂಚಕಾರ. ಸಂಕಷ್ಟಕ್ಕೆಂದು ಕೂಡಿಟ್ಟ ಹಣವಂತೂ ಇರಲೇ ಇಲ್ಲ. ಯೋಜನೆಗಳಿಲ್ಲದ ಎಂಜಿನಿಯರುಗಳನ್ನು ಮುಂದಿನ ಕೆಲಸ ಬರುವವರೆಗೆ ಸಂಬಳ ಕೊಟ್ಟು ಕೂರಿಸಿಕೊಳ್ಳುವ 'ಬೆಂಚ್' ಪದ್ಧತಿಯನ್ನು ಲಾಭವಿರುವ ಕಂಪನಿ ಮಾತ್ರ ತಾಳಿಕೊಳ್ಳಬಲ್ಲದು. ಸತ್ಯಂ ಬಳಿ ಅಂತಹ ಶಕ್ತಿ ಇದ್ದಂತೆ ತೋರುತ್ತಿತ್ತಷ್ಟೆ.

ಮುನ್ಸೂಚನೆಗಳು

ಎಲ್ಲವೂ ಒಂದೇ ದಿನದಲ್ಲಿ ಸಂಭವಿಸಿದ್ದಲ್ಲ. 2008ರ ಡಿಸೆಂಬರ್ 16ರಂದು ರಾಜು ಕುಟುಂಬದವರ ಮೇಟಾಸ್ ಪ್ರಾಪರ್ಟೀಸ್ ಮತ್ತು ಮೇಟಾಸ್ ಇನ್ಫ್ರಾ ಕಂಪನಿಗಳನ್ನು 160 ಕೋಟಿ ಡಾಲರ್‌ಗೆ ಖರೀದಿಸಲು ಸತ್ಯಂ ಆಡಳಿತ ಮಂಡಳಿ ಒಪ್ಪಿಗೆ ನೀಡಿತ್ತು. (ಸತ್ಯಂ ಎಂಬುದರ ಇಂಗ್ಲಿಷ್ ಅಕ್ಷರಗಳನ್ನು ಹಿಂದುಮುಂದಾಗಿಸಿದರೆ ಮೇಟಾಸ್!) ಹೂಡಿಕೆದಾರರು ಕಿಡಿಕಾರಿದರು, ನ್ಯೂಯಾರ್ಕಿನಲ್ಲಿ ಷೇರು ಬೆಲೆ ಅರ್ಧಕ್ಕಿಂತ ಕೆಳಗಿಳಿಯಿತು, ಕೆಲವೇ ಗಂಟೆಗಳಲ್ಲಿ ಪ್ರಸ್ತಾವ ಕೈಬಿಡಲಾಯಿತು. ಅದಾಗಿ ಒಂದು ವಾರದಲ್ಲಿ, ವಿಶ್ವಬ್ಯಾಂಕ್ ತನ್ನ ಸಿಬ್ಬಂದಿಗೆ ಅನುಚಿತ ಲಾಭ ಮಾಡಿಕೊಟ್ಟ ಕಾರಣಕ್ಕೆ ಸತ್ಯಂ ಅನ್ನು 8 ವರ್ಷ ದೂರವಿರಿಸಿರುವುದು ಬಹಿರಂಗವಾಯಿತು. ಮಂಗಳಂ ಶ್ರೀನಿವಾಸನ್, ಕೃಷ್ಣ ಪಾಲೇಪು, ವಿನೋದ್ ಧಾಮ್, ಎಂ. ರಾಮಮೋಹನ ರಾವ್ ಹೀಗೆ ಸ್ವತಂತ್ರ ನಿರ್ದೇಶಕರು ಡಿಸೆಂಬರ್ ಕೊನೆಯ ವಾರದಲ್ಲಿ ಒಬ್ಬರ ಹಿಂದೆ ಒಬ್ಬರಂತೆ ಹೊರನಡೆದರು.

ನಿರ್ದೇಶಕರಿಗೆ ಹೊರನಡೆಯುವ ಅವಕಾಶವಿತ್ತು. ಆದರೆ ನೌಕರರಿಗೆ? 2008ರ ಸೆಪ್ಟೆಂಬರಿನಲ್ಲಿ ಅಮೆರಿಕದ ಲೆಹ್ಮನ್ ಬ್ರದರ್ಸ್ ಕುಸಿದ ಬಳಿಕ ಇಡೀ ಉದ್ಯಮದಲ್ಲಿ ನೇಮಕಾತಿ ಕುಂಠಿತಗೊಂಡಿತ್ತು. ಕ್ಯಾಂಪಸ್ ಸಂದರ್ಶನದಲ್ಲಿ ಆಯ್ಕೆಯಾದವರೂ ನೇಮಕಾತಿ ಪತ್ರಕ್ಕೆ ಕಾದು ಕುಳಿತಿದ್ದ ಕಾಲವದು.

ಆ ಮೂರು ದಿನಗಳು

ಜನವರಿ 7ರಂದು ಮುಂಬೈ ಷೇರುಪೇಟೆಯಲ್ಲಿ ಸತ್ಯಂ ಷೇರು ಬೆಲೆ ಸುಮಾರು 179 ರೂಪಾಯಿಯಿಂದ 40 ರೂಪಾಯಿಗೆ ಇಳಿಯಿತು. ಮರುದಿನ ಮೊಹರಂ ರಜೆ. 9ರಂದು ಪೇಟೆ ತೆರೆದಾಗ ಬೆಲೆ ಇನ್ನಷ್ಟು ಪಾತಾಳ ಕಂಡಿತು. ಸಂಬಳದ ಜೊತೆಗೆ ಕಂಪನಿಯ ಷೇರುಗಳನ್ನೂ ಪಡೆದು ಅದನ್ನೇ ಉಳಿತಾಯವೆಂದು ಭಾವಿಸಿದ್ದ ಹಳೆಯ ನೌಕರರಿಗೆ ಇದು ಇಮ್ಮಡಿ ಪೆಟ್ಟು: ಕೆಲಸ ಮತ್ತು ಉಳಿತಾಯ ಎರಡೂ ಒಂದೇ ಬುಟ್ಟಿಯಲ್ಲಿದ್ದವು. 9ರ ರಾತ್ರಿ ರಾಮಲಿಂಗರಾಜು ಮತ್ತು ಅವರ ಸೋದರ, ವ್ಯವಸ್ಥಾಪಕ ನಿರ್ದೇಶಕ ಬಿ. ರಾಮರಾಜು ಬಂಧಿತರಾದರು. ಹಣಕಾಸು ಮುಖ್ಯಸ್ಥ ವಡ್ಲಮಾನಿ ಶ್ರೀನಿವಾಸ್ ಅವರ ಬಂಧನವೂ ಬೆನ್ನಿಗೇ ಆಯಿತು. ತಾತ್ಕಾಲಿಕವಾಗಿ ಹೊಣೆ ಹೊತ್ತವರು ರಾಮ್ ಮೈನಂಪತಿ. ಅವರೂ ಅದೇ ಹಳೆಯ ಆಡಳಿತ ಮಂಡಳಿಯ ಸದಸ್ಯರಾಗಿದ್ದುದರಿಂದ ಅವರ ಭರವಸೆಯ ಮಾತುಗಳನ್ನು ಎಷ್ಟರಮಟ್ಟಿಗೆ ನಂಬಬೇಕೆಂಬ ಪ್ರಶ್ನೆ ಸಹಜವಾಗಿಯೇ ಎದ್ದಿತು.

ಈ ಹಂತದ ಆತಂಕ ಮೂರು ಬಗೆಯದಾಗಿತ್ತು. ತಿಂಗಳ ಸಂಬಳ ಬರುವುದೇ ಎಂಬುದು ಮೊದಲನೆಯದು. ಗೃಹಸಾಲದ ಕಂತು ಕಟ್ಟುತ್ತಿದ್ದ ಕುಟುಂಬಗಳಿಗೆ ಇದು ದಿನಗಣನೆಯ ಮಾತು. ಎರಡನೆಯದು, ಸ್ವವಿವರದಲ್ಲಿ 'ಸತ್ಯಂ' ಎಂಬ ಹೆಸರಿದ್ದರೆ ಬೇರೆ ಕಂಪನಿಯವರು ಹೇಗೆ ನೋಡಿಯಾರು ಎಂಬ ಅಳುಕು. ಮೂರನೆಯದು ವಿದೇಶದಲ್ಲಿದ್ದವರದು, ಬಹುಶಃ ಎಲ್ಲಕ್ಕಿಂತ ತೀವ್ರವಾದದ್ದು. ಅಮೆರಿಕದ ಎಚ್-1ಬಿ ವೀಸಾ ನೌಕರನ ಹೆಸರಿನಲ್ಲಿದ್ದರೂ ಉದ್ಯೋಗದಾತ ಕಂಪನಿಗೆ ಅಂಟಿಕೊಂಡದ್ದು. ಕೆಲಸ ಹೋದ ಮೇಲೆ ಬೇರೆ ಕೆಲಸ ಹುಡುಕಲು 60 ದಿನಗಳ ಕಾಲಾವಕಾಶ ನೀಡುವ ನಿಯಮ ಅಲ್ಲಿ ಜಾರಿಗೆ ಬಂದದ್ದು 2017ರ ಜನವರಿಯಲ್ಲಿ. 2009ರಲ್ಲಿ ಅಂತಹ ಆಸರೆ ಇರಲಿಲ್ಲ. ಮಕ್ಕಳನ್ನು ಅಲ್ಲಿನ ಶಾಲೆಗೆ ಸೇರಿಸಿ, ಬಾಡಿಗೆ ಮನೆ ಹಿಡಿದವರಿಗೆ ಹೈದರಾಬಾದಿನ ಒಂದು ಪತ್ರ ಊರು ಬಿಡುವ ನೋಟಿಸಿನಂತೆ ಕಂಡಿದ್ದರೆ ಅಚ್ಚರಿಯಿಲ್ಲ.

ಸರ್ಕಾರದ ಮಧ್ಯಪ್ರವೇಶ

ಕೇಂದ್ರ ಸರ್ಕಾರ ಈ ಪ್ರಕರಣದಲ್ಲಿ ತೋರಿದ ವೇಗ ಅಪರೂಪದ್ದು. ಜನವರಿ 9ರಂದೇ ಕಂಪನಿ ಕಾನೂನು ಮಂಡಳಿಯ ಆದೇಶದ ಮೂಲಕ ಹಳೆಯ ಆಡಳಿತ ಮಂಡಳಿಯನ್ನು ಬದಿಗೆ ಸರಿಸಲಾಯಿತು. 11ರಂದು ಎಚ್‌ಡಿಎಫ್‌ಸಿ ಅಧ್ಯಕ್ಷ ದೀಪಕ್ ಪಾರೇಖ್, ನಾಸ್ಕಾಂ ಮಾಜಿ ಅಧ್ಯಕ್ಷ ಕಿರಣ್ ಕಾರ್ಣಿಕ್ ಮತ್ತು ಕಾನೂನು ತಜ್ಞ ಸಿ. ಅಚ್ಯುತನ್ ನೇಮಕಗೊಂಡರು. ಕೆಲವೇ ದಿನಗಳಲ್ಲಿ ತರುಣ್ ದಾಸ್, ಟಿ.ಎನ್. ಮನೋಹರನ್ ಮತ್ತು ಎಸ್.ಬಿ. ಮೈನಾಕ್ ಸೇರ್ಪಡೆಯಾದರು. ಆರು ಮಂದಿಯಲ್ಲಿ ಯಾರಿಗೂ ರಾಜು ಕುಟುಂಬದ ನಂಟಿರಲಿಲ್ಲ. ಸರ್ಕಾರ ಬೊಕ್ಕಸದಿಂದ ನೇರ ಹಣ ಕೊಡಲಿಲ್ಲ, ಕಂಪನಿಯನ್ನು ರಾಷ್ಟ್ರೀಕರಿಸಲೂ ಇಲ್ಲ. ನಂಬಬಹುದಾದ ಹೆಸರುಗಳನ್ನು ಮಾತ್ರ ಕೊಟ್ಟಿತು.

ಅದಕ್ಕೊಂದು ವ್ಯಾವಹಾರಿಕ ಕಾರಣವಿತ್ತು. ಕಾರ್ಖಾನೆ ಮುಚ್ಚಿದರೆ ಯಂತ್ರ, ಜಮೀನು, ಕಟ್ಟಡ ಉಳಿಯುತ್ತವೆ. ಸಾಫ್ಟ್‌ವೇರ್ ಕಂಪನಿಯ ಆಸ್ತಿ ಸಂಜೆ ಬಸ್ಸು ಹತ್ತಿ ಮನೆಗೆ ಹೋಗಿಬಿಡುತ್ತದೆ. ಎಂಜಿನಿಯರುಗಳು ಚದುರಿದರೆ ಗ್ರಾಹಕರು ಚದುರುತ್ತಾರೆ, ಗ್ರಾಹಕರು ಚದುರಿದರೆ ಮಾರಲು ಏನೂ ಉಳಿಯದು. ಆದ್ದರಿಂದ ಹೊಸ ಮಂಡಳಿಗೆ ನೌಕರರನ್ನು ಉಳಿಸಿಕೊಳ್ಳುವುದು ಧರ್ಮಕಾರ್ಯಕ್ಕಿಂತ ಮಿಗಿಲಾಗಿ ವ್ಯವಹಾರದ ಅನಿವಾರ್ಯವಾಗಿತ್ತು. ಗ್ರಾಹಕರಿಂದ ಬರಬೇಕಿದ್ದ ಬಾಕಿಯನ್ನು ಬೆನ್ನುಹತ್ತಿ ವಸೂಲು ಮಾಡಿ ಜನವರಿ ಸಂಬಳ ಪಾವತಿಸಲಾಯಿತು. ಫೆಬ್ರುವರಿ ಮೊದಲ ವಾರದಲ್ಲಿ ಬ್ಯಾಂಕುಗಳಿಂದ 600 ಕೋಟಿ ರೂ. ಸಾಲದ ವ್ಯವಸ್ಥೆಯಾಯಿತು. ಅದೇ ಹೊತ್ತಿಗೆ, ಫೆಬ್ರುವರಿ 5ರಂದು, ಎ.ಎಸ್. ಮೂರ್ತಿ ಅವರನ್ನು ಮುಖ್ಯ ಕಾರ್ಯನಿರ್ವಾಹಕರನ್ನಾಗಿ ಹೆಸರಿಸಲಾಯಿತು. ಹೊರಗಿನ ಘಟಾನುಘಟಿಯ ಬದಲು ಸತ್ಯಂನಲ್ಲಿಯೇ ಒಂದೂವರೆ ದಶಕ ದುಡಿದವರನ್ನು ಆರಿಸಿದ್ದು ವಿವೇಚನೆಯ ನಡೆ. ಗ್ರಾಹಕರಿಗೂ ಸಿಬ್ಬಂದಿಗೂ ಪರಿಚಿತ ಮುಖ ಬೇಕಿತ್ತು.

ಆದರೂ ಕೆಲವು ಗ್ರಾಹಕರು ಹೊರಟುಹೋದರು. ಅಮೆರಿಕದ ವಿಮಾ ಸಂಸ್ಥೆ ಸ್ಟೇಟ್ ಫಾರ್ಮ್ ಜನವರಿಯಲ್ಲಿಯೇ ಸತ್ಯಂ ನಂಟು ಕಡಿದುಕೊಂಡಿತು.

'ಇಲ್ಲದ ನೌಕರರು'

ಇದೇ ಅವಧಿಯ ಒಂದು ಪ್ರಸಂಗ ನೌಕರರನ್ನು ಹಣದ ಚಿಂತೆಗಿಂತಲೂ ಹೆಚ್ಚು ನೋಯಿಸುವಂತಹದಾಗಿತ್ತು. ಸತ್ಯಂನಲ್ಲಿ ಇರುವುದು 53 ಸಾವಿರ ನೌಕರರಲ್ಲ, 40 ಸಾವಿರ ಮಾತ್ರ. ಉಳಿದ 13 ಸಾವಿರ ಹೆಸರುಗಳು ಸುಳ್ಳು, ಅವರ ಸಂಬಳದ ಹಣವನ್ನು ಪ್ರತಿ ತಿಂಗಳೂ ಲಪಟಾಯಿಸಲಾಗುತ್ತಿತ್ತು ಎಂದು ಜನವರಿ ಮೂರನೇ ವಾರದ ಕೊನೆಯಲ್ಲಿ ಹೈದರಾಬಾದ್ ನ್ಯಾಯಾಲಯದಲ್ಲಿ ಸರ್ಕಾರಿ ವಕೀಲರು ಹೇಳಿಕೆ ನೀಡಿದರು. ಕಂಪನಿ ಇದನ್ನು ತಳ್ಳಿಹಾಕಿತು. ವಂಚನೆ ನಡೆದದ್ದು ಮುಖ್ಯವಾಗಿ ನಕಲಿ ಇನ್‌ವಾಯ್ಸ್‌ಗಳು ಮತ್ತು ನಕಲಿ ಬ್ಯಾಂಕ್ ದಾಖಲೆಗಳ ಮೂಲಕ ಎಂಬುದು ತನಿಖೆಯಲ್ಲಿ ಸ್ಪಷ್ಟವಾಯಿತು. ಆದರೆ ತಾನು ಇದ್ದೇನೆಂದು ಸಾಬೀತುಪಡಿಸಬೇಕಾದ ಸ್ಥಿತಿಗೆ ಒಬ್ಬ ಎಂಜಿನಿಯರ್ ತಲುಪುವುದು ಊಹಿಸಲೂ ಆಗದ ಸಂಗತಿ.

ರಾಜು ಕೈಯಲ್ಲಿದ್ದ ಇನ್ನೊಂದು ಸೇವೆಯ ಮಾತನ್ನೂ ಇಲ್ಲಿ ಹೇಳಬೇಕು. 108 ತುರ್ತು ಆಂಬುಲೆನ್ಸ್ ಸೇವೆಯನ್ನು 2005ರಲ್ಲಿ ಹೈದರಾಬಾದಿನಲ್ಲಿ ಆರಂಭಿಸಿದ ಇಎಂಆರ್‌ಐ ಸಂಸ್ಥೆಯ ಸ್ಥಾಪಕರು ಅವರೇ. ಕರ್ನಾಟಕದಲ್ಲಿ 'ಆರೋಗ್ಯ ಕವಚ' ಹೆಸರಿನಲ್ಲಿ ಆ ಸೇವೆ ಶುರುವಾದದ್ದು 2008ರ ನವೆಂಬರ್ 1ರಂದು, ರಾಜು ಪತ್ರಕ್ಕೆ ಕೇವಲ ಎರಡು ತಿಂಗಳ ಮುಂಚೆ. ಆಂಬುಲೆನ್ಸುಗಳು ನಿಲ್ಲಲಿಲ್ಲ. 2009ರಲ್ಲಿಯೇ ಜಿವಿಕೆ ಸಮೂಹ ಇಎಂಆರ್‌ಐ ಹೊಣೆ ವಹಿಸಿಕೊಂಡಿತು.

ಹೊಸ ಒಡೆಯರು, ಹೊಸ ಆತಂಕ

ಏಪ್ರಿಲ್ 13ರಂದು ಸತ್ಯಂ ಹರಾಜಾಯಿತು. ಪ್ರತಿ ಷೇರಿಗೆ 58 ರೂ. ಕೂಗಿದ ಟೆಕ್ ಮಹೀಂದ್ರ ಗೆದ್ದಿತು. ಎಲ್ ಆಂಡ್ ಟಿ 45.90 ರೂ. ನಮೂದಿಸಿತ್ತು. ಶೇ 31ರ ಪಾಲಿಗೆ ಟೆಕ್ ಮಹೀಂದ್ರ ತೆತ್ತ ಬೆಲೆ 1,757 ಕೋಟಿ ರೂ. ರಾಜು ಪತ್ರದಿಂದ ಲೆಕ್ಕ ಹಾಕಿದರೆ 96 ದಿನ. ಈ ಅವಧಿಯಲ್ಲಿ ಕಂಪನಿ ಮುಚ್ಚಲಿಲ್ಲ ಎಂಬುದೇ ದೊಡ್ಡ ಸಾಧನೆ ಎಂದು ಬಣ್ಣಿಸಲಾಯಿತು. ಅದು ನಿಜವೂ ಹೌದು.

ಆದರೆ ನೌಕರರ ದೃಷ್ಟಿಯಿಂದ ಕಥೆ ಅಲ್ಲಿಗೆ ಮುಗಿಯಲಿಲ್ಲ. ಮೊದಲ ಹಂತದ ಭಯ 'ಕಂಪನಿ ಉಳಿಯುವುದೇ' ಎಂಬುದಾಗಿತ್ತು, ಅದು ಎಲ್ಲರಿಗೂ ಸಮಾನ. ಎರಡನೆಯ ಹಂತದ ಭಯ 'ಉಳಿದ ಕಂಪನಿಯಲ್ಲಿ ನಾನು ಉಳಿಯುವೆನೇ' ಎಂಬುದು, ಅದು ಒಬ್ಬೊಬ್ಬರದೂ ಪ್ರತ್ಯೇಕ. ಪಕ್ಕದ ಮೇಜಿನ ಸಹೋದ್ಯೋಗಿಯೇ ಸ್ಪರ್ಧಿ.

ಗ್ರಾಹಕರು ಕಡಿಮೆಯಾಗಿದ್ದರಿಂದ ಬೆಂಚ್ ಬೆಳೆದಿತ್ತು. ಜೂನ್‌ನಲ್ಲಿ ಹೊಸ ಆಡಳಿತ 'ವರ್ಚುವಲ್ ಪೂಲ್' ಎಂಬ ಯೋಜನೆ ಪ್ರಕಟಿಸಿತು. ಹೆಚ್ಚುವರಿ ಎಂದು ಗುರುತಿಸಲಾದ ಸಾವಿರಾರು ಮಂದಿ ಕಚೇರಿಗೆ ಬರಬೇಕಿಲ್ಲ. ಆರು ತಿಂಗಳವರೆಗೆ ಅವರಿಗೆ ಮೂಲವೇತನ, ಭವಿಷ್ಯನಿಧಿ ವಂತಿಗೆ ಮತ್ತು ವೈದ್ಯಕೀಯ ವಿಮೆ ದೊರೆಯುತ್ತದೆ. ಕೆಲಸ ಬಂದರೆ ಮರಳಿ ಕರೆಸಿಕೊಳ್ಳಲಾಗುತ್ತದೆ. ವಜಾ ಎಂಬ ಪದವನ್ನು ಎಲ್ಲಿಯೂ ಬಳಸಲಿಲ್ಲ.

ಕಾಗದದಲ್ಲಿ ಇದು ಮಾನವೀಯ ಕ್ರಮ. ಅಂದಿನ ಹಿಂಜರಿತದ ಸ್ಥಿತಿಯಲ್ಲಿ ನೇರವಾಗಿ ಮನೆಗೆ ಕಳುಹಿಸುವುದಕ್ಕಿಂತ ವಾಸಿ ಎಂಬುದನ್ನೂ ಒಪ್ಪಬೇಕು. ಆದರೆ ಸಾಫ್ಟ್‌ವೇರ್ ಕಂಪನಿಗಳಲ್ಲಿ ಮೂಲವೇತನವೆಂಬುದು ಒಟ್ಟು ಸಂಬಳದ ಸಣ್ಣ ಪಾಲು; ಮಿಕ್ಕಿದ್ದು ಮನೆಬಾಡಿಗೆ ಭತ್ಯೆ, ವಿಶೇಷ ಭತ್ಯೆ ಇತ್ಯಾದಿ. ಬ್ಯಾಂಕು ಸಾಲ ಕೊಟ್ಟದ್ದು ಪೂರ್ತಿ ಸಂಬಳ ನೋಡಿ, ಕಂತೂ ಅದಕ್ಕೆ ತಕ್ಕಂತೆ. ಕೈಗೆ ಬರುವ ಮೊತ್ತ ಇದ್ದಕ್ಕಿದ್ದಂತೆ ಕುಗ್ಗಿದರೆ ಕಂತು ಕುಗ್ಗುವುದಿಲ್ಲವಲ್ಲ! ಇನ್ನು ನೌಕರ ಎಂಬ ಗುರುತಿನ ಚೀಟಿ ಇದೆ, ಕೆಲಸ ಇಲ್ಲ, ಕರೆ ಬರುವುದೋ ಇಲ್ಲವೋ ಗೊತ್ತಿಲ್ಲ ಎಂಬ ತ್ರಿಶಂಕು ಸ್ಥಿತಿ. ಮನೆಯಲ್ಲಿ ಅಪ್ಪ ಅಮ್ಮನಿಗೆ ಇದನ್ನು ವಿವರಿಸುವುದು ಹೇಗೆ?

ಯೋಜನೆಯನ್ನು ಯಾವ ಕಾನೂನೂ ಕಡ್ಡಾಯ ಮಾಡಿರಲಿಲ್ಲ ಎಂಬುದು ಗಮನಾರ್ಹ. ಎಷ್ಟು ತಿಂಗಳು, ಎಷ್ಟು ಹಣ, ಯಾರು ಹೆಚ್ಚುವರಿ ಎಂಬುದೆಲ್ಲವೂ ಆಡಳಿತದ ವಿವೇಚನೆ. ಜನವರಿಯಲ್ಲಿ ಅಷ್ಟು ಚುರುಕಾಗಿ ಓಡಿಬಂದಿದ್ದ ಸರ್ಕಾರ ಜೂನ್‌ನಲ್ಲಿ ಈ ಚಿತ್ರದಲ್ಲಿ ಇರಲಿಲ್ಲ.

ಕಾನೂನು ಏನು ಹೇಳುತ್ತದೆ?

ಅಂದು ಚಾಲ್ತಿಯಲ್ಲಿದ್ದ 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ ಪ್ರಕಾರ ಒಂದು ವರ್ಷ ಸತತ ಸೇವೆ ಸಲ್ಲಿಸಿದ 'ಕಾರ್ಮಿಕ'ನನ್ನು ತೆಗೆಯಬೇಕಾದರೆ ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲಿಗೆ ವೇತನ, ಜೊತೆಗೆ ಪ್ರತಿ ವರ್ಷದ ಸೇವೆಗೆ 15 ದಿನಗಳ ಸರಾಸರಿ ವೇತನ ಪರಿಹಾರವಾಗಿ ಸಲ್ಲಬೇಕು. 100 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವಲ್ಲಿ ಸರ್ಕಾರದ ಪೂರ್ವಾನುಮತಿಯೂ ಬೇಕು. ಆದರೆ ಇದು ಕಾರ್ಖಾನೆ, ಗಣಿ, ತೋಟಗಳಿಗೆ ಮಾತ್ರ. ಸಾಫ್ಟ್‌ವೇರ್ ಕಚೇರಿ ಈ ಮೂರರಲ್ಲಿ ಯಾವುದೂ ಅಲ್ಲ. ಎಂಜಿನಿಯರ್ ಕಾನೂನಿನ ಅರ್ಥದಲ್ಲಿ 'ಕಾರ್ಮಿಕ'ನೇ ಎಂಬುದೂ ಅವರು ಮಾಡುವ ಕೆಲಸ ತಾಂತ್ರಿಕವೋ, ಆಡಳಿತಾತ್ಮಕವೋ ಎಂಬುದರ ಮೇಲೆ ನಿಲ್ಲುತ್ತದೆ. 'ಟೀಮ್ ಲೀಡ್', 'ಮ್ಯಾನೇಜರ್' ಎಂಬ ಪದನಾಮ ಸಿಕ್ಕಾಗ ಸಿಹಿ ಹಂಚಿದವರಿಗೆ ಅದೇ ಪದನಾಮ ಕಾನೂನಿನ ರಕ್ಷಣೆಗೆ ತೊಡಕಾಗಬಹುದೆಂಬುದು ತಿಳಿದಿರುವುದು ಕಡಿಮೆ.

ಸತ್ಯಂ ನಂತರ ಕಾನೂನು ಬದಲಾಗಲಿಲ್ಲವೆಂದಲ್ಲ. 2013ರ ಕಂಪನಿ ಕಾಯ್ದೆಯಲ್ಲಿ ಲೆಕ್ಕ ಪರಿಶೋಧಕರನ್ನು ಕಾಲಕಾಲಕ್ಕೆ ಬದಲಿಸುವ ಕಡ್ಡಾಯ ನಿಯಮ ಬಂತು. ಸ್ವತಂತ್ರ ನಿರ್ದೇಶಕರ ಹೊಣೆ ಸ್ಪಷ್ಟವಾಯಿತು. ಷೇರುದಾರರು ಒಟ್ಟುಗೂಡಿ ದಾವೆ ಹೂಡುವ ಹಕ್ಕು ದೊರೆಯಿತು. ಅಮೆರಿಕದ ಹೂಡಿಕೆದಾರರಿಗಂತೂ 2011ರ ಒಪ್ಪಂದದಲ್ಲಿ 12.5 ಕೋಟಿ ಡಾಲರ್ ಸಂದಿತು. ಈ ಪಟ್ಟಿಯಲ್ಲಿ ಇಲ್ಲದ್ದು ವಂಚನೆಯಲ್ಲಿ ಯಾವ ಪಾತ್ರವೂ ಇಲ್ಲದೆ 'ಹೆಚ್ಚುವರಿ' ಎನಿಸಿಕೊಂಡ ನೌಕರ.

ಕರ್ನಾಟಕದ ಮಟ್ಟಿಗೆ ಈ ವಿಷಯಕ್ಕೆ ಹೆಚ್ಚಿನ ಮಹತ್ವವಿದೆ. ನೌಕರರ ಸೇವಾ ಷರತ್ತುಗಳನ್ನು ಲಿಖಿತವಾಗಿ ನಿಗದಿಪಡಿಸುವ 1946ರ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಐಟಿ ಉದ್ಯಮಕ್ಕೆ ರಾಜ್ಯ ಸರ್ಕಾರ ನೀಡುತ್ತ ಬಂದ ವಿನಾಯಿತಿಯನ್ನು 2014, 2019 ಮತ್ತು 2024ರಲ್ಲಿ ವಿಸ್ತರಿಸಲಾಯಿತು. ಕುಂದುಕೊರತೆ ಸಮಿತಿ ಇರಬೇಕು, ಅಮಾನತು ಹಾಗೂ ವಜಾ ಪ್ರಕರಣಗಳನ್ನು ಕಾರ್ಮಿಕ ಇಲಾಖೆಗೆ ತಿಳಿಸಬೇಕು ಎಂಬ ಷರತ್ತುಗಳನ್ನು ವಿಧಿಸಲಾಗಿತ್ತು. ಅವುಗಳ ಪಾಲನೆಯ ಬಗ್ಗೆ ಪ್ರಶ್ನೆ ಎತ್ತುತ್ತ ಬಂದಿರುವುದು ಬೆಂಗಳೂರಿನ ಕರ್ನಾಟಕ ರಾಜ್ಯ ಐಟಿ/ಐಟಿಇಎಸ್ ನೌಕರರ ಸಂಘ. ಅದು ನೋಂದಣಿಯಾದದ್ದು 2017ರಲ್ಲಿ, ಸತ್ಯಂ ಹಗರಣ ನಡೆದು ಎಂಟು ವರ್ಷಗಳ ಮೇಲೆ.

2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಈ ಹಳೆಯ ಕಾಯ್ದೆಗಳ ಸ್ಥಾನವನ್ನು ಪಡೆದಿದೆ. ಪೂರ್ವಾನುಮತಿಯ ಮಿತಿ 100ರಿಂದ 300ಕ್ಕೆ ಏರಿದೆ, ಅದು ಈಗಲೂ ಕಾರ್ಖಾನೆ, ಗಣಿ, ತೋಟಗಳಿಗೇ ಸೀಮಿತ. ಕೆಲಸ ಕಳೆದುಕೊಂಡವರಿಗೆ ಮರುಕೌಶಲ ನಿಧಿಯಿಂದ 15 ದಿನಗಳ ವೇತನ ನೀಡುವ ಹೊಸ ಅವಕಾಶವೊಂದು ಸೇರಿದೆ. ಮೇಲ್ವಿಚಾರಣೆಯ ಹುದ್ದೆಯಲ್ಲಿದ್ದು ತಿಂಗಳಿಗೆ 18 ಸಾವಿರ ರೂ. ಮೀರಿದ ವೇತನ ಪಡೆಯುವವರು 'ಕಾರ್ಮಿಕ' ವ್ಯಾಖ್ಯೆಯ ಹೊರಗೆ. ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳಲ್ಲಿ ಈ ಮಿತಿಯ ಒಳಗೆ ಬರುವ ಮೇಲ್ವಿಚಾರಕರು ಎಷ್ಟು ಮಂದಿ ಇದ್ದಾರು!

ಸತ್ಯಂ ಎಂಬ ಹೆಸರು

2009ರ ಜೂನ್‌ನಲ್ಲಿ ಕಂಪನಿ 'ಮಹೀಂದ್ರ ಸತ್ಯಂ' ಆಯಿತು, ಸಿ.ಪಿ. ಗುರ್ನಾನಿ ಚುಕ್ಕಾಣಿ ಹಿಡಿದರು. ಹೊಸ ಆಡಳಿತಕ್ಕೂ ಲೆಕ್ಕಪತ್ರ ಸರಿಪಡಿಸಲು ಒಂದೂಕಾಲು ವರ್ಷ ಹಿಡಿಯಿತು. 2010ರ ಸೆಪ್ಟೆಂಬರ್ 29ರಂದು ಪ್ರಕಟವಾದ ಪರಿಷ್ಕೃತ ಲೆಕ್ಕದ ಪ್ರಕಾರ 2008-09ರ ನಷ್ಟ 8,177 ಕೋಟಿ ರೂ., ಮರುವರ್ಷದ್ದು ಸುಮಾರು 125 ಕೋಟಿ. ಅಲ್ಲಿಯವರೆಗೆ ತಮ್ಮ ಸಂಸ್ಥೆ ನಿಜವಾಗಿ ಎಲ್ಲಿ ನಿಂತಿದೆ ಎಂಬುದನ್ನು ಅಂಕಿಗಳಲ್ಲಿ ತಿಳಿಯದೆಯೇ ಸಾವಿರಾರು ಜನ ಪ್ರತಿದಿನ ಕೆಲಸಕ್ಕೆ ಹೋಗಿ ಬರುತ್ತಿದ್ದರು.

2013ರ ಜೂನ್‌ನಲ್ಲಿ, ಸ್ಥಾಪನೆಯಾದ 26 ವರ್ಷಗಳ ನಂತರ, ಸಂಸ್ಥೆ ಟೆಕ್ ಮಹೀಂದ್ರದಲ್ಲಿ ವಿಲೀನಗೊಂಡು ಸತ್ಯಂ ಎಂಬ ಹೆಸರು ಅಳಿಯಿತು. 17 ಸತ್ಯಂ ಷೇರುಗಳಿಗೆ 2 ಟೆಕ್ ಮಹೀಂದ್ರ ಷೇರುಗಳು ಎಂಬ ಲೆಕ್ಕದಲ್ಲಿ ನೌಕರರ ಕೈಯಲ್ಲಿ ಉಳಿದಿದ್ದ ಹಳೆಯ ಷೇರುಗಳೂ ಬದಲಾದವು. 2015ರ ಏಪ್ರಿಲ್ 9ರಂದು ಹೈದರಾಬಾದಿನ ವಿಶೇಷ ನ್ಯಾಯಾಲಯ ರಾಮಲಿಂಗರಾಜು ಸೇರಿದಂತೆ ಹತ್ತು ಮಂದಿ ತಪ್ಪಿತಸ್ಥರೆಂದು ತೀರ್ಪಿತ್ತು 7 ವರ್ಷ ಸೆರೆವಾಸ ವಿಧಿಸಿತು. ಒಂದು ತಿಂಗಳಲ್ಲಿ ಮೇಲ್ಮನವಿಯ ಹಂತದಲ್ಲಿ ಅವರಿಗೆ ಜಾಮೀನು ದೊರೆಯಿತು.